ವೆಬ್ ಸೆಷನ್‌ನಲ್ಲಿ ಆಬ್ಜೆಕ್ಟ್‌ಗಳನ್ನು ಇಡುವುದು ಮತ್ತು ಮರಳಿ ಪಡೆಯುವುದು

ಬಳಕೆದಾರರೊಬ್ಬರು ಜಾಲತಾಣದಲ್ಲಿ ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಾಗ ಅವರಿಗೆ ಸಂಬಂಧಿಸಿದ ಮಾಹಿತಿಯನ್ನು ಉಳಿಸಿಕೊಳ್ಳುವ ಏರ್ಪಾಡೇ ಸೆಷನ್. ಲಾಗಿನ್ ಆದವರು ಯಾರು, ಕಾರ್ಟ್‌ಗೆ ಏನೇನು ಹಾಕಿದ್ದಾರೆ, ನಾಲ್ಕು ಪುಟಗಳ ಅರ್ಜಿಯನ್ನು ಎಲ್ಲಿಯವರೆಗೆ ತುಂಬಿದ್ದಾರೆ ಎಂಬಂಥ ಸಂಗತಿಗಳು ಅಲ್ಲಿರುತ್ತವೆ. ಹೆಸರು, ಸಂಖ್ಯೆಗಳಂಥ ಸರಳ ಮೌಲ್ಯಗಳನ್ನು ಸೆಷನ್‌ನಲ್ಲಿ ಇಡುವುದು ಯಾವ ಭಾಷೆಯಲ್ಲಾದರೂ ಒಂದೇ ಸಾಲಿನ ಕೆಲಸ. ಆಬ್ಜೆಕ್ಟ್ ಹಾಗಲ್ಲ. ಅದು ಮಾಹಿತಿಯ ಜೊತೆಗೆ ತನ್ನ ಕ್ಲಾಸ್, ಮೆಥಡ್‌ಗಳು, ಬೇರೆ ಆಬ್ಜೆಕ್ಟ್‌ಗಳ ಕೊಂಡಿಗಳು ಎಲ್ಲವನ್ನೂ ಹೊತ್ತಿರುತ್ತದೆ. ಅದನ್ನು ಸೆಷನ್‌ಗೆ ಹಾಕುವ ಸಾಲೂ ಒಂದೇ ಆಗಿ ಕಾಣುವುದರಿಂದ ತೊಡಕು ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಮುಂದಿನ ಪುಟದಲ್ಲಿ ಕೈಗೆ ಸಿಗುವುದು ನಾವು ಇಟ್ಟ ಆಬ್ಜೆಕ್ಟೇ ಆಗಿರಬೇಕೆಂದಿಲ್ಲ. ಹೆಚ್ಚಿನ ವ್ಯವಸ್ಥೆಗಳಲ್ಲಿ ಅದು ಹಳೆಯದರ ವಿವರಗಳನ್ನು ಓದಿ ಹೊಸದಾಗಿ ಕಟ್ಟಿದ ಇನ್ನೊಂದು ಆಬ್ಜೆಕ್ಟ್. ಈ ಕ್ಷೇತ್ರದ ಬಹುಪಾಲು ದೋಷಗಳು, ಭದ್ರತೆಯ ಕೆಲವು ದೊಡ್ಡ ಅನಾಹುತಗಳೂ ಸೇರಿ, ಈ ವ್ಯತ್ಯಾಸವನ್ನು ಮರೆತದ್ದರಿಂದಲೇ ಹುಟ್ಟಿವೆ.

ಹಿನ್ನೆಲೆ

ವೆಬ್‌ನ ಸಂವಹನ ನಿಯಮಾವಳಿಯಾದ ಎಚ್‌ಟಿಟಿಪಿಗೆ ಸ್ವಂತ ನೆನಪಿಲ್ಲ. ಬ್ರೌಸರ್ ಒಂದು ಪುಟ ಕೇಳುತ್ತದೆ, ಸರ್ವರ್ ಕೊಡುತ್ತದೆ, ಅಲ್ಲಿಗೆ ಲೆಕ್ಕ ಮುಗಿಯಿತು. ಮರುಕ್ಷಣವೇ ಅದೇ ಬ್ರೌಸರ್ ಇನ್ನೊಂದು ಪುಟ ಕೇಳಿದರೂ ಸರ್ವರ್ ಪಾಲಿಗೆ ಅದು ಗುರುತಿಲ್ಲದವರ ಕೋರಿಕೆ. ದಾಖಲೆಗಳನ್ನು ಓದುವ ಕೆಲಸಕ್ಕೆ ಇಷ್ಟು ಸಾಕಿತ್ತು, ವ್ಯಾಪಾರಕ್ಕೆ ಸಾಲಲಿಲ್ಲ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲ್ಲಿ ಇದಕ್ಕೆ ಪರಿಹಾರವಾಗಿ ಕುಕಿಯನ್ನು ರೂಪಿಸಿದರು. ಎಂಸಿಐ ಎಂಬ ದೂರಸಂಪರ್ಕ ಕಂಪನಿಗಾಗಿ ಆನ್‌ಲೈನ್ ವ್ಯಾಪಾರದ ತಂತ್ರಾಂಶ ಸಿದ್ಧವಾಗುತ್ತಿತ್ತು. ಅರ್ಧಕ್ಕೆ ನಿಂತ ವ್ಯವಹಾರಗಳ ವಿವರವನ್ನು ತನ್ನ ಸರ್ವರ್‌ಗಳಲ್ಲಿ ಇಟ್ಟುಕೊಳ್ಳಲು ಆ ಕಂಪನಿ ಒಪ್ಪದ ಕಾರಣ, ಅದನ್ನು ಬಳಕೆದಾರರ ಕಂಪ್ಯೂಟರಿನಲ್ಲೇ ಇಡುವ ದಾರಿಯನ್ನು ಹುಡುಕಬೇಕಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಹೊರಬಂದ ನೆಟ್‌ಸ್ಕೇಪ್ ಬ್ರೌಸರಿನ ಬೀಟಾ ಆವೃತ್ತಿಯಲ್ಲಿ ಕುಕಿ ಇತ್ತು. ಅದರ ಮೊದಲ ಅಧಿಕೃತ ನಿರೂಪಣೆ 1997ರ ಆರ್‌ಎಫ್‌ಸಿ 2109. ಬ್ರೌಸರ್‌ಗಳು ವಾಸ್ತವದಲ್ಲಿ ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಗಮನಿಸಿ ಬರೆದ ಆರ್‌ಎಫ್‌ಸಿ 6265 ಬಂದದ್ದು 2011ರಲ್ಲಿ.

ಕುಕಿ ಚಿಕ್ಕದು. ಬ್ರೌಸರ್ ಪ್ರತಿ ಕುಕಿಗೆ ಕನಿಷ್ಠ 4096 ಬೈಟ್ ಜಾಗ ಕೊಡಬೇಕು ಎಂದು ನಿಯಮ ಹೇಳುತ್ತದೆ. ಬ್ರೌಸರ್‌ಗಳು ಕೊಡುವುದೂ ಹೆಚ್ಚುಕಡಿಮೆ ಅಷ್ಟನ್ನೇ. ಅದೂ ಅಲ್ಲದೆ ಕುಕಿ ಇರುವುದು ಬಳಕೆದಾರರ ಕೈಯಲ್ಲಿ, ಅವರು ಅದನ್ನು ಓದಬಹುದು, ತಿದ್ದಬಹುದು. ಹಾಗಾಗಿ ಹೊಸದೊಂದು ಪದ್ಧತಿ ಬೆಳೆಯಿತು. ಮಾಹಿತಿ ಸರ್ವರ್‌ನಲ್ಲೇ ಇರುತ್ತದೆ, ಕುಕಿಯಲ್ಲಿ ಹೋಗುವುದು ಊಹಿಸಲಾಗದಷ್ಟು ಉದ್ದದ ಒಂದು ಗುರುತು ಮಾತ್ರ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟು ಟೋಕನ್ ತೆಗೆದುಕೊಂಡು ಹೋಗುವ ಹಾಗೆ, ಬ್ರೌಸರ್ ಗುರುತನ್ನು ತೋರಿಸುತ್ತದೆ, ಸರ್ವರ್ ಆ ಗುರುತಿನ ಗೂಡಿನಲ್ಲಿ ಇಟ್ಟದ್ದನ್ನು ತೆಗೆಯುತ್ತದೆ. ಪಿಎಚ್‌ಪಿಯಲ್ಲಿ ಈ ಕುಕಿಯ ಹೆಸರು ಪಿಎಚ್‌ಪಿಸೆಸ್‌ಐಡಿ, ಜಾವಾದಲ್ಲಿ ಜೆಸೆಷನ್‌ಐಡಿ. ಸೆಷನ್ ಎಂದರೆ ಬಹುತೇಕ ಪ್ರೋಗ್ರಾಮರ್‌ಗಳಿಗೆ ಇಂದಿಗೂ ಇದೇ.

ಎರಡು ಬಗೆಯ ಸಂಗ್ರಹ

ಸರ್ವರ್‌ನ ಗೂಡಿನಲ್ಲಿ ಆಬ್ಜೆಕ್ಟನ್ನು ಇಡಲು ಎರಡು ದಾರಿಗಳಿವೆ. ಒಂದು, ಆಬ್ಜೆಕ್ಟನ್ನು ಸರ್ವರ್ ಪ್ರೋಗ್ರಾಮಿನ ಮೆಮೊರಿಯಲ್ಲಿ ಇದ್ದ ಹಾಗೆಯೇ ಬಿಟ್ಟು ಅದರ ಕೊಂಡಿಯನ್ನಷ್ಟೇ ಸೆಷನ್‌ಗೆ ಸೇರಿಸುವುದು. ಮರಳಿ ಕೇಳಿದಾಗ ಸಿಗುವುದು ಅದೇ ಜೀವಂತ ಆಬ್ಜೆಕ್ಟ್. ಪ್ರೋಗ್ರಾಂ ಸತತವಾಗಿ ಓಡುತ್ತಿರುವ ಜಾವಾ, ಡಾಟ್‌ನೆಟ್ ಮೊದಲಾದ ವೇದಿಕೆಗಳಲ್ಲಿ ಮಾತ್ರ ಇದು ಸಾಧ್ಯ. ಸರ್ವರ್ ನಿಂತರೆ ಅದೂ ಹೋಯಿತು. ಎರಡನೆಯ ಸರ್ವರ್ ಸೇರಿಸಿದರೆ ಅದಕ್ಕೆ ಮೊದಲನೆಯದರ ಮೆಮೊರಿ ಕಾಣುವುದಿಲ್ಲ.

ಇನ್ನೊಂದು ದಾರಿ ಸೀರಿಯಲೈಸೇಶನ್. ಆಬ್ಜೆಕ್ಟಿನ ಗುಣಗಳನ್ನೆಲ್ಲ ಬೈಟ್‌ಗಳ ಒಂದು ಸಾಲಾಗಿ ಬರೆದು ಫೈಲ್, ಡೇಟಾಬೇಸ್, ಮೆಮ್‌ಕ್ಯಾಶ್ಡ್ ಅಥವಾ ರೆಡಿಸ್‌ನಂಥ ಕಡೆ ಇಟ್ಟು, ಮುಂದಿನ ಕೋರಿಕೆ ಬಂದಾಗ ಆ ಸಾಲನ್ನು ಓದಿ ಆಬ್ಜೆಕ್ಟನ್ನು ಮತ್ತೆ ಕಟ್ಟಲಾಗುತ್ತದೆ. ಈ ಸಾಲಿನಲ್ಲಿ ಗುಣಗಳ ಬೆಲೆ ಇರುತ್ತದೆ, ಕ್ಲಾಸಿನ ಹೆಸರೂ ಇರಬಹುದು, ಆದರೆ ಕ್ಲಾಸಿನ ಕೋಡ್ ಇರುವುದಿಲ್ಲ. ಮೆಥಡ್‌ಗಳು ಪ್ರೋಗ್ರಾಮಿನಲ್ಲಿ ಉಳಿದಿರುತ್ತವೆ, ಸೆಷನ್‌ನಲ್ಲಿ ಅಲ್ಲ. ಹೊರಜಗತ್ತಿನ ಜೊತೆ ತೆರೆದಿಟ್ಟ ಕೊಂಡಿಗಳನ್ನು, ಅಂದರೆ ಡೇಟಾಬೇಸ್ ಸಂಪರ್ಕ, ತೆರೆದ ಫೈಲ್, ನೆಟ್‌ವರ್ಕ್ ಸಾಕೆಟ್ ಇವುಗಳನ್ನು ಬರೆಯಲಾಗುವುದೇ ಇಲ್ಲ. ಅವುಗಳ ಅರ್ಥವಿರುವುದು ಆ ಕ್ಷಣದಲ್ಲಿ, ಆ ಯಂತ್ರದಲ್ಲಿ ಮಾತ್ರ.

ಪಿಎಚ್‌ಪಿ

ಈ ವಿಷಯವನ್ನು ಪ್ರೋಗ್ರಾಮರ್‌ಗಳು ಹೆಚ್ಚಾಗಿ ಎದುರಿಸಿದ್ದು ಪಿಎಚ್‌ಪಿಯಲ್ಲಿ. ಅದರ ರಚನೆಯೇ ಇದಕ್ಕೆ ಕಾರಣ: ಪ್ರತಿ ಕೋರಿಕೆಗೂ ಸ್ಕ್ರಿಪ್ಟ್ ಮೊದಲಿನಿಂದ ಶುರುವಾಗಿ, ಪುಟ ಕೊಟ್ಟ ಮೇಲೆ ಎಲ್ಲ ಆಬ್ಜೆಕ್ಟ್‌ಗಳೊಂದಿಗೆ ಅಳಿದುಹೋಗುತ್ತದೆ. ಜೀವಂತ ಆಬ್ಜೆಕ್ಟನ್ನು ಉಳಿಸಿಕೊಳ್ಳುವ ಮಾತೇ ಅಲ್ಲಿಲ್ಲ. 1998ರ ಪಿಎಚ್‌ಪಿ 3ರಲ್ಲಿ ಸೆಷನ್ ಸೌಲಭ್ಯ ಭಾಷೆಯೊಳಗೆ ಇರಲಿಲ್ಲ. ಪಿಎಚ್‌ಪಿಲಿಬ್ ಎಂಬ ಹೊರಗಿನ ಲೈಬ್ರರಿಯನ್ನು ಬಳಸುತ್ತಿದ್ದರು. 2000ದ ಮೇ ತಿಂಗಳಿನ ಪಿಎಚ್‌ಪಿ 4ರ ಜೊತೆ ಅದು ಭಾಷೆಯ ಭಾಗವಾಯಿತು. ಈಗ ಎಲ್ಲರೂ ಬಳಸುವ ಡಾಲರ್ ಅಂಡರ್‌ಸ್ಕೋರ್ ಸೆಷನ್ ಎಂಬ ಅರೇ ಬಂದದ್ದು 2001ರ ಕೊನೆಯ 4.1 ಆವೃತ್ತಿಯಲ್ಲಿ.

ಸೆಷನ್ ಸ್ಟಾರ್ಟ್ ಫಂಕ್ಷನ್ ಕರೆದಾಗ ಪಿಎಚ್‌ಪಿ ಕುಕಿಯಲ್ಲಿರುವ ಗುರುತನ್ನು ನೋಡಿ, ಆ ಹೆಸರಿನ ಫೈಲನ್ನು ತೆರೆದು, ಅದರಲ್ಲಿರುವ ಎಲ್ಲವನ್ನೂ ಆ ಕ್ಷಣವೇ ಮರುಕಟ್ಟುತ್ತದೆ. ಸ್ಕ್ರಿಪ್ಟ್ ಮುಗಿಯುವಾಗ ಅರೇಯನ್ನು ಮತ್ತೆ ಫೈಲಿಗೆ ಬರೆಯುತ್ತದೆ. ಇಡುವವರು ಸೀರಿಯಲೈಸ್ ಮಾಡಬೇಕಾಗಿಲ್ಲ, ಅದು ತಾನಾಗಿ ನಡೆಯುತ್ತದೆ. ಆದರೂ ಅರೇಗೆ ಹಾಕುವ ಮೊದಲು ಕೈಯಾರೆ ಒಮ್ಮೆ ಸೀರಿಯಲೈಸ್ ಮಾಡುವ ಕೋಡ್ ಇಂದಿಗೂ ಕಾಣಸಿಗುತ್ತದೆ. ಅದರಿಂದ ಕೆಲಸ ಎರಡು ಪಟ್ಟಾಗುತ್ತದೆ, ಬೇರೆ ಲಾಭವಿಲ್ಲ.

‘ಆ ಕ್ಷಣವೇ’ ಎಂಬುದೇ ಇಲ್ಲಿ ಮುಖ್ಯ. ಆಬ್ಜೆಕ್ಟಿನ ಕ್ಲಾಸ್ ಅಷ್ಟರೊಳಗೆ ಲೋಡ್ ಆಗಿರಬೇಕು. ಸೆಷನ್ ಸ್ಟಾರ್ಟ್ ಸಾಲನ್ನು ಮೊದಲು ಬರೆದು, ಕ್ಲಾಸಿನ ಫೈಲನ್ನು ಆಮೇಲೆ ಸೇರಿಸಿದರೆ, ಓದಿದ ವಿವರಗಳಿಗೆ ಹೊಂದುವ ಕ್ಲಾಸ್ ಪಿಎಚ್‌ಪಿಗೆ ಸಿಗುವುದಿಲ್ಲ. ಆಗ ಅದು ಇನ್‌ಕಂಪ್ಲೀಟ್ ಕ್ಲಾಸ್ ಎಂಬ ಬದಲಿ ಕ್ಲಾಸಿನೊಳಗೆ ವಿವರಗಳನ್ನು ಹಾಕಿ ಕೊಡುತ್ತದೆ. ಡಂಪ್ ಮಾಡಿ ನೋಡಿದರೆ ಗುಣಗಳೆಲ್ಲ ಕಾಣುತ್ತವೆ, ಮೆಥಡ್ ಕರೆದರೆ ದೋಷ ಬರುತ್ತದೆ. ಹೊಸಬರನ್ನು ಗಂಟೆಗಟ್ಟಲೆ ಗೋಳಾಡಿಸುವ ದೋಷವಿದು; ಕಾರಣ ಬೇರೊಂದು ಫೈಲಿನ ಎರಡು ಸಾಲುಗಳ ಹಿಂದುಮುಂದಿನಲ್ಲಿ ಇರುವುದರಿಂದ ಆಬ್ಜೆಕ್ಟನ್ನು ಬಳಸುವ ಜಾಗದಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಕ್ಲಾಸ್ ಬೇಕಾದಾಗ ತಾನಾಗಿ ಲೋಡ್ ಆಗುವಂತೆ ಆಟೋಲೋಡರ್ ಅನ್ನು ಸೆಷನ್ ಶುರುವಾಗುವ ಮೊದಲೇ ನೋಂದಾಯಿಸುವುದು ಸರಿಯಾದ ಪರಿಹಾರ. ಸರ್ವರ್ ಸೆಟ್ಟಿಂಗ್‌ನಲ್ಲಿ ಸೆಷನ್ ತಾನಾಗಿ ಶುರುವಾಗುವ ಆಯ್ಕೆಯನ್ನು ತೆರೆದಿಟ್ಟರೆ ನಮ್ಮ ಕೋಡ್ ಓಡುವ ಮೊದಲೇ ಮರುಕಟ್ಟುವಿಕೆ ನಡೆದುಹೋಗುತ್ತದೆ. ಆಬ್ಜೆಕ್ಟ್‌ಗಳನ್ನು ಇಡುವವರು ಆ ಆಯ್ಕೆಯನ್ನು ಮುಟ್ಟದಿರುವುದು ಮೇಲು.

ಕೆಲವು ಆಬ್ಜೆಕ್ಟ್‌ಗಳನ್ನು ಪಿಎಚ್‌ಪಿ ಬರೆಯುವುದೇ ಇಲ್ಲ. ಡೇಟಾಬೇಸ್ ಸಂಪರ್ಕದ ಪಿಡಿಒ, ಹೆಸರಿಲ್ಲದ ಫಂಕ್ಷನ್‌ಗಳಾದ ಕ್ಲೋಷರ್, ಎಕ್ಸ್‌ಎಂಎಲ್ ಓದಲು ಬಳಸುವ ಸಿಂಪಲ್‌ಎಕ್ಸ್‌ಎಂಎಲ್ ಎಲಿಮೆಂಟ್ ಇವೆಲ್ಲ ಆ ಸಾಲಿನವು. ಸಿಂಪಲ್‌ಎಕ್ಸ್‌ಎಂಎಲ್ ಮಾಡುವ ತೊಂದರೆ ವಿಶೇಷವಾದದ್ದು. ಅದರಿಂದ ತೆಗೆದ ಒಂದು ಹೆಸರು ಪರದೆಯ ಮೇಲೆ ಸಾದಾ ಪಠ್ಯದಂತೆ ಮುದ್ರಣವಾಗುತ್ತದೆ. ವಾಸ್ತವದಲ್ಲಿ ಅದಿನ್ನೂ ಆಬ್ಜೆಕ್ಟೇ. ಸೆಷನ್‌ಗೆ ಹಾಕಿದಾಗ ಸ್ಕ್ರಿಪ್ಟಿನ ಕೊನೆಯಲ್ಲಿ ದೋಷ ತಲೆದೋರುತ್ತದೆ. ಇಡುವ ಮೊದಲು ಸ್ಟ್ರಿಂಗ್ ಆಗಿ ಪರಿವರ್ತಿಸಿಬಿಟ್ಟರೆ ಮುಗಿಯಿತು.

ನಮ್ಮದೇ ಕ್ಲಾಸಿನೊಳಗೆ ಇಂಥ ಸಂಪರ್ಕವೊಂದು ಸೇರಿಕೊಂಡಿದ್ದರೆ ಸ್ಲೀಪ್, ವೇಕಪ್ ಎಂಬ ವಿಶೇಷ ಮೆಥಡ್‌ಗಳು ನೆರವಿಗೆ ಬರುತ್ತವೆ. ಯಾವ ಗುಣಗಳನ್ನು ಬರೆಯಬೇಕೆಂದು ಮೊದಲನೆಯದು ಹೇಳುತ್ತದೆ, ಮರುಕಟ್ಟಿದ ಮೇಲೆ ಸಂಪರ್ಕವನ್ನು ಮತ್ತೆ ತೆರೆಯುವ ಕೆಲಸ ಎರಡನೆಯದು. ಪಿಎಚ್‌ಪಿ 7.4ರಿಂದ ಸೀರಿಯಲೈಸ್, ಅನ್‌ಸೀರಿಯಲೈಸ್ ಎಂಬ ಹೊಸ ಜೋಡಿಯೂ ಇದೆ. ಇದರಲ್ಲಿ ಪ್ರೋಗ್ರಾಮರ್ ತಾನೇ ಒಂದು ಅರೇ ಸಿದ್ಧಪಡಿಸಿ ಕೊಡುತ್ತಾನೆ. ಹೊಸ ಕೋಡ್‌ಗೆ ಈ ಜೋಡಿಯೇ ಒಳ್ಳೆಯದು, ಏನು ಹೊರಗೆ ಹೋಗುತ್ತದೆ ಎಂಬುದು ಒಂದೇ ಕಡೆ ಸ್ಪಷ್ಟವಾಗಿ ಕಾಣುತ್ತದೆ.

ಜಾವಾ ಮತ್ತು ಡಾಟ್‌ನೆಟ್

ಜಾವಾ ಸರ್ವ್ಲೆಟ್‌ನಲ್ಲಿ ಎಚ್‌ಟಿಟಿಪಿಸೆಷನ್ ಎಂಬ ಇಂಟರ್‌ಫೇಸ್ ಇದೆ. 1999ರ ಸರ್ವ್ಲೆಟ್ 2.2ರಿಂದ ಇಡಲು ಸೆಟ್‌ಆಟ್ರಿಬ್ಯೂಟ್, ತೆಗೆಯಲು ಗೆಟ್‌ಆಟ್ರಿಬ್ಯೂಟ್. ಅದಕ್ಕೂ ಮೊದಲಿದ್ದ ಪುಟ್‌ವ್ಯಾಲ್ಯೂ, ಗೆಟ್‌ವ್ಯಾಲ್ಯೂಗಳು ಹಿಂದೆ ಸರಿದವು. ಏನೇ ಇಟ್ಟರೂ ತೆಗೆಯುವಾಗ ಅದು ಸಾಮಾನ್ಯ ಆಬ್ಜೆಕ್ಟ್ ಮಾದರಿಯಲ್ಲಿ ಬರುತ್ತದೆ, ಅದರ ನಿಜವಾದ ಮಾದರಿಗೆ ಕ್ಯಾಸ್ಟ್ ಮಾಡಿಕೊಳ್ಳಬೇಕು. ಒಂದೇ ಸರ್ವರ್ ಇರುವಾಗ ಇಲ್ಲಿ ಸಿಗುವುದು ಜೀವಂತ ಆಬ್ಜೆಕ್ಟ್. ಕಾರ್ಟ್ ಆಬ್ಜೆಕ್ಟನ್ನು ತೆಗೆದು ಅದಕ್ಕೆ ಪುಸ್ತಕವೊಂದನ್ನು ಸೇರಿಸಿದರೆ ಸೆಷನ್‌ನಲ್ಲಿರುವ ಕಾರ್ಟ್‌ಗೇ ಸೇರುತ್ತದೆ, ಮತ್ತೆ ಇಡಬೇಕಾಗಿಲ್ಲ.

ಈ ಅನುಕೂಲವೇ ಮುಂದೆ ಮುಳುವಾಗುತ್ತದೆ. ತಾಣ ಬೆಳೆದು ಎರಡು ಸರ್ವರ್‌ಗಳಾದಾಗ ಸೆಷನ್ ಒಂದರಿಂದ ಇನ್ನೊಂದಕ್ಕೆ ಸಾಗಬೇಕು. ಅದಕ್ಕೆ ಸೀರಿಯಲೈಸೇಶನ್ ಬೇಕೇ ಬೇಕು. ವೆಬ್ ಅಪ್ಲಿಕೇಶನ್ ಅನ್ನು ಡಿಸ್ಟ್ರಿಬ್ಯೂಟೆಬಲ್ ಎಂದು ಘೋಷಿಸಿದಾಗ, ಸೀರಿಯಲೈಸೆಬಲ್ ಅಲ್ಲದ ಆಬ್ಜೆಕ್ಟನ್ನು ಇಡಲು ಹೋದರೆ ಅಪ್ಲಿಕೇಶನ್ ಅನ್ನು ನಡೆಸುವ ಕಂಟೇನರ್ ದೋಷ ಎಸೆಯುತ್ತದೆ. ಆಬ್ಜೆಕ್ಟ್ ತನ್ನೊಳಗೆ ಹೊತ್ತಿರುವ ಎಲ್ಲ ಆಬ್ಜೆಕ್ಟ್‌ಗಳೂ, ಅವುಗಳೊಳಗಿನವೂ ಸೀರಿಯಲೈಸೆಬಲ್ ಆಗಿರಬೇಕು. ಬೇಡವಾದದ್ದನ್ನು ಟ್ರಾನ್ಸಿಯಂಟ್ ಎಂದು ಗುರುತಿಸಿ ಬಿಡಬಹುದು, ಮರಳಿ ಬಂದಾಗ ಅಲ್ಲಿ ನಲ್ ಇರುತ್ತದೆ.

ಕ್ಲಾಸ್ ಬದಲಾದಾಗ ಇನ್ನೊಂದು ತೊಡಕು. ಬೆಳಿಗ್ಗೆ ಹಳೆಯ ಕೋಡ್ ಬರೆದಿಟ್ಟ ಆಬ್ಜೆಕ್ಟನ್ನು ಮಧ್ಯಾಹ್ನ ಹೊಸ ಕೋಡ್ ಓದುತ್ತದೆ. ಕ್ಲಾಸಿಗೆ ಸೀರಿಯಲ್‌ವರ್ಷನ್‌ಯುಐಡಿ ಎಂಬ ಸಂಖ್ಯೆಯನ್ನು ಕೊಡದಿದ್ದರೆ ಜಾವಾ ಅದನ್ನು ಕ್ಲಾಸಿನ ರಚನೆಯಿಂದ ತಾನೇ ಲೆಕ್ಕ ಹಾಕುತ್ತದೆ. ಒಂದು ಮೆಥಡ್ ಸೇರಿಸಿದರೂ ಸಂಖ್ಯೆ ಬದಲಾಗಿ ಓದುವಿಕೆ ವಿಫಲವಾಗಬಹುದು. ಹೊಸ ಆವೃತ್ತಿ ಏರಿಸಿದ ಕೂಡಲೇ ಬಳಕೆದಾರರೆಲ್ಲ ಲಾಗೌಟ್ ಆಗಿಬಿಡುವುದರ ಹಿಂದೆ ಅನೇಕ ಬಾರಿ ಇರುವ ಕಾರಣ ಇದೇ. ಪಿಎಚ್‌ಪಿ ಇಂಥಲ್ಲಿ ದೋಷ ಕೊಡುವುದಿಲ್ಲ. ಹಳೆಯ ಗುಣಗಳನ್ನೇ ತುಂಬಿ, ಹೊಸದಾಗಿ ಸೇರಿದ ಗುಣಕ್ಕೆ ಕ್ಲಾಸಿನಲ್ಲಿ ಬರೆದ ಮೊದಲ ಬೆಲೆಯನ್ನು ಕೊಟ್ಟು ಮುಂದುವರಿಯುತ್ತದೆ. ದೋಷ ಕೊಡುವ ಜಾವಾದ ನಡವಳಿಕೆಯೇ ಹೆಚ್ಚು ಪ್ರಾಮಾಣಿಕವಾದದ್ದು.

ಮೈಕ್ರೋಸಾಫ್ಟ್‌ನ ಎಎಸ್‌ಪಿ 1996ರ ಕೊನೆಯಲ್ಲೇ ಸೆಷನ್ ಸೌಲಭ್ಯದೊಂದಿಗೆ ಬಂತು. ವಿಶುವಲ್ ಬೇಸಿಕ್ 6ರಲ್ಲಿ ಬರೆದ ಘಟಕವನ್ನು ಅದರ ಸೆಷನ್‌ನಲ್ಲಿಟ್ಟರೆ ಆ ಬಳಕೆದಾರರ ಎಲ್ಲ ಕೋರಿಕೆಗಳೂ ಒಂದೇ ಥ್ರೆಡ್‌ಗೆ ಕಟ್ಟಿಬೀಳುತ್ತಿದ್ದವು, ತಾಣ ನಿಧಾನವಾಗುತ್ತಿತ್ತು. 2002ರ ಎಎಸ್‌ಪಿ ಡಾಟ್‌ನೆಟ್ ಮೂರು ಆಯ್ಕೆ ಕೊಟ್ಟಿತು: ಪ್ರೋಗ್ರಾಮಿನ ಮೆಮೊರಿ, ಪ್ರತ್ಯೇಕ ಸ್ಟೇಟ್ ಸರ್ವರ್, ಎಸ್‌ಕ್ಯುಎಲ್ ಸರ್ವರ್ ಡೇಟಾಬೇಸ್. ಮೊದಲನೆಯದರಲ್ಲಿ ಯಾವ ಆಬ್ಜೆಕ್ಟ್ ಬೇಕಾದರೂ ಇಡಬಹುದು, ಉಳಿದೆರಡಕ್ಕೆ ಸೀರಿಯಲೈಸೇಶನ್ ಬೇಕು. ಸ್ವಂತ ಕಂಪ್ಯೂಟರಿನಲ್ಲಿ ಮೊದಲನೆಯದನ್ನು ಬಳಸಿ ಬರೆದ ಕೋಡ್, ಲೈವ್ ಸರ್ವರ್‌ಗೆ ಹೋದ ಮೇಲೆ ಮುರಿದುಬೀಳುವುದು ಈ ವ್ಯತ್ಯಾಸದಿಂದ. 2016ರಲ್ಲಿ ಬಂದ ಎಎಸ್‌ಪಿ ಡಾಟ್‌ನೆಟ್ ಕೋರ್ ಈ ಗೊಂದಲವನ್ನೇ ತೆಗೆದುಹಾಕಿತು. ಅದರ ಸೆಷನ್ ಬೈಟ್‌ಗಳನ್ನು, ಸ್ಟ್ರಿಂಗ್‌ಗಳನ್ನು, ಪೂರ್ಣಾಂಕಗಳನ್ನು ಮಾತ್ರ ಸ್ವೀಕರಿಸುತ್ತದೆ. ಆಬ್ಜೆಕ್ಟ್ ಇಡಬೇಕೆನ್ನುವವರು ತಾವೇ ಜೇಸನ್ ಎಂಬ ಪಠ್ಯರೂಪಕ್ಕೆ ಪರಿವರ್ತಿಸಿ ಇಡಬೇಕು, ತಾವೇ ಮರುಕಟ್ಟಬೇಕು. ಮೊದಲ ನೋಟಕ್ಕೆ ಇದು ಹಿಂದಡಿಯಂತೆ ಕಂಡರೂ ಈ ಲೇಖಕನ ಅಭಿಪ್ರಾಯದಲ್ಲಿ ಇದೇ ಸರಿಯಾದ ವಿನ್ಯಾಸ. ಆಬ್ಜೆಕ್ಟ್ ಮರುಕಟ್ಟಲ್ಪಡುತ್ತಿದೆ ಎಂಬ ಸತ್ಯ ಕೋಡ್‌ನಲ್ಲೇ ಎದ್ದು ಕಾಣುತ್ತದೆ.

ಜೇಸನ್ ಮತ್ತು ಕುಕಿಯೊಳಗಿನ ಸೆಷನ್

ಪೈಥಾನ್‌ನ ಜಾಂಗೊ ಸೆಷನ್‌ಗಳನ್ನು ಮೊದಲಿನಿಂದಲೂ ಡೇಟಾಬೇಸಿನ ಒಂದು ಟೇಬಲ್‌ನಲ್ಲಿ ಇಡುತ್ತ ಬಂದಿದೆ. ಬಹುತೇಕ ಯಾವುದೇ ಆಬ್ಜೆಕ್ಟನ್ನು ಬರೆಯಬಲ್ಲ ಪಿಕಲ್ ಎಂಬ ವಿಧಾನವನ್ನು ಅದು ಬಳಸುತ್ತಿತ್ತು. 2013ರ ಜಾಂಗೊ 1.6ರಲ್ಲಿ ಪೂರ್ವನಿಯೋಜಿತ ಆಯ್ಕೆ ಜೇಸನ್ ಆಯಿತು. ರೂಬಿಯ ರೈಲ್ಸ್ ಕೂಡ ಮಾರ್ಷಲ್ ಎಂಬ ತನ್ನ ವಿಧಾನದಿಂದ 4.1ರ ಹೊಸ ಅಪ್ಲಿಕೇಶನ್‌ಗಳಲ್ಲಿ ಜೇಸನ್‌ಗೆ ಸರಿಯಿತು. ನೋಡ್‌ನಲ್ಲಿ ಜನಪ್ರಿಯವಾದ ಎಕ್ಸ್‌ಪ್ರೆಸ್ ಸೆಷನ್ ಮೆಮೊರಿಯಲ್ಲಿ ಇಡುವಾಗಲೂ ಜೇಸನ್ ಆಗಿಯೇ ಇಡುತ್ತದೆ.

ಜೇಸನ್‌ಗೆ ಕ್ಲಾಸ್ ಗೊತ್ತಿಲ್ಲ. ಇಟ್ಟದ್ದು ಕಾರ್ಟ್ ಆಬ್ಜೆಕ್ಟ್, ಸಿಗುವುದು ಮೆಥಡ್‌ಗಳಿಲ್ಲದ ಬರಿಯ ಡಿಕ್ಷನರಿ. ಪೈಥಾನ್‌ನ ಟ್ಯೂಪಲ್ ಲಿಸ್ಟ್ ಆಗುತ್ತದೆ, ಪೂರ್ಣಾಂಕದ ಕೀಲಿಗಳು ಸ್ಟ್ರಿಂಗ್ ಆಗುತ್ತವೆ. 12 ಎಂಬ ಕೀಲಿಯಲ್ಲಿ ಇಟ್ಟದ್ದನ್ನು ಮುಂದಿನ ಕೋರಿಕೆಯಲ್ಲಿ 12 ಎಂದು ಹುಡುಕಿದರೆ ಸಿಗುವುದಿಲ್ಲ. ಜಾವಾಸ್ಕ್ರಿಪ್ಟಿನಲ್ಲಿ ದಿನಾಂಕ ಪಠ್ಯವಾಗಿ ಮರಳುತ್ತದೆ, ಮ್ಯಾಪ್ ಖಾಲಿಯಾಗಿ ಮರಳುತ್ತದೆ. ಒಂದೇ ವಿಳಾಸದ ಆಬ್ಜೆಕ್ಟನ್ನು ಎರಡು ಕಡೆ ಇಟ್ಟಿದ್ದರೆ ಎರಡು ಪ್ರತ್ಯೇಕ ಪ್ರತಿಗಳಾಗುತ್ತವೆ, ಒಂದನ್ನು ತಿದ್ದಿದರೆ ಇನ್ನೊಂದು ಹಳೆಯದಾಗಿಯೇ ಉಳಿಯುತ್ತದೆ. ಬ್ರೌಸರಿನೊಳಗಿನ ಸೆಷನ್ ಸ್ಟೋರೇಜ್‌ಗೂ ಇದೇ ಮಾತು ಅನ್ವಯಿಸುತ್ತದೆ. ಅದು ಸ್ಟ್ರಿಂಗ್‌ಗಳನ್ನು ಮಾತ್ರ ಇಟ್ಟುಕೊಳ್ಳುವುದರಿಂದ ಜೇಸನ್ ಮಾಡದೆ ನೇರವಾಗಿ ಹಾಕಿದ ಆಬ್ಜೆಕ್ಟಿನ ವಿವರಗಳೆಲ್ಲ ಕಳೆದುಹೋಗುತ್ತವೆ.

ಜಾಂಗೊದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಸೆಷನ್‌ನ ಕೀಲಿಗೆ ಹೊಸ ಬೆಲೆ ಕೊಟ್ಟಾಗ ಅಥವಾ ಕೀಲಿಯನ್ನು ಅಳಿಸಿದಾಗ ಮಾತ್ರ ಅದು ಬದಲಾವಣೆಯೆಂದು ಗುರುತಿಸಿ ಡೇಟಾಬೇಸಿಗೆ ಬರೆಯುತ್ತದೆ. ಒಳಗಿರುವ ಲಿಸ್ಟಿಗೆ ಒಂದು ಅಂಶ ಸೇರಿಸಿದರೆ ಅದರ ಗಮನಕ್ಕೆ ಬಾರದು. ಪುಟ ಸರಿಯಾಗಿ ಕಾಣುತ್ತದೆ, ಮುಂದಿನ ಪುಟದಲ್ಲಿ ಸೇರಿಸಿದ್ದು ಮಾಯ. ಮಾಡಿಫೈಡ್ ಎಂಬ ಗುರುತನ್ನು ಕೈಯಾರೆ ನಿಜ ಎಂದು ಹೊಂದಿಸಬೇಕು.

ರೈಲ್ಸ್ 2.0, 2007ರ ಡಿಸೆಂಬರ್‌ನಲ್ಲಿ, ಬೇರೊಂದು ಹೆಜ್ಜೆ ಇಟ್ಟಿತ್ತು. ಗೂಡನ್ನೇ ತೆಗೆದು, ಸೆಷನ್‌ನ ಇಡೀ ಮಾಹಿತಿಯನ್ನು ಸಹಿ ಹಾಕಿದ ಕುಕಿಯಲ್ಲಿ ಬ್ರೌಸರಿಗೇ ಕಳಿಸಿಬಿಡುವುದು. ಪೈಥಾನ್‌ನ ಫ್ಲಾಸ್ಕ್ ಕೂಡ ಹೀಗೆಯೇ ಮಾಡುತ್ತದೆ. ಸಹಿ ಇರುವುದರಿಂದ ಬಳಕೆದಾರರು ತಿದ್ದಲಾರರು, ಆದರೆ ಓದಬಲ್ಲರು. ರೈಲ್ಸ್ 2013ರ 4.0ರಿಂದ ಗೂಢಲಿಪಿಯನ್ನೂ ಸೇರಿಸಿತು. ಫ್ಲಾಸ್ಕ್‌ನಲ್ಲಿ ಇಂದಿಗೂ ಸಹಿ ಮಾತ್ರ. ಒಟ್ಟು ಮಾಹಿತಿ 4 ಕಿಲೋಬೈಟ್ ಮೀರಬಾರದು ಎಂಬುದು ಈ ವಿಧಾನದ ಗಟ್ಟಿ ಮಿತಿ.

ಕನ್ನಡ ಪಠ್ಯ ಮತ್ತು ಬೈಟ್‌ಗಳ ಲೆಕ್ಕ

ಕನ್ನಡದಲ್ಲಿ ತಾಣ ಕಟ್ಟುವವರಿಗೆ ಆ ಮಿತಿ ಇಂಗ್ಲಿಷ್ ತಾಣದವರಿಗಿಂತ ಬಹಳ ಬೇಗ ತಟ್ಟುತ್ತದೆ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್. ಕನ್ನಡದ ಪ್ರತಿ ಸಂಕೇತಕ್ಕೆ, ಅಂದರೆ ವ್ಯಂಜನ, ಸ್ವರಚಿಹ್ನೆ, ಅನುಸ್ವಾರ ಪ್ರತಿಯೊಂದಕ್ಕೂ, 3 ಬೈಟ್. ‘ಬೆಂಗಳೂರು’ ಎಂಬ ಪದದಲ್ಲಿ 8 ಸಂಕೇತಗಳಿವೆ, ಆದ್ದರಿಂದ 24 ಬೈಟ್. ಪೈಥಾನ್ ಮತ್ತು ಪಿಎಚ್‌ಪಿಯ ಜೇಸನ್ ಪರಿವರ್ತಕಗಳು ಬೇರೆ ಆಯ್ಕೆ ಕೊಡದಿದ್ದರೆ ಪ್ರತಿ ಕನ್ನಡ ಸಂಕೇತವನ್ನೂ ಬ್ಯಾಕ್‌ಸ್ಲ್ಯಾಶ್‌ನಿಂದ ಶುರುವಾಗುವ 6 ಅಕ್ಷರಗಳ ಕೋಡ್ ಆಗಿ ಬರೆಯುತ್ತವೆ. ಅದೇ ಪದ ಈಗ 48 ಬೈಟ್. ಕುಕಿಗೆ ಹಾಕಲು ಬೇಸ್64 ಮಾಡಿದರೆ 64. ಈ ಲೆಕ್ಕದಲ್ಲಿ 4096 ಬೈಟ್‌ನ ಕುಕಿಗೆ ಹಿಡಿಸುವುದು ಸುಮಾರು 500 ಕನ್ನಡ ಸಂಕೇತಗಳು, ಒಂದು ಸಾಧಾರಣ ಪ್ಯಾರಾ. ಅರ್ಜಿದಾರರ ಹೆಸರು, ವಿಳಾಸ, ದೂರಿನ ವಿವರವನ್ನೆಲ್ಲ ಕುಕಿ ಸೆಷನ್‌ನಲ್ಲಿ ಇಟ್ಟ ಅರ್ಜಿ ನಮೂನೆ ಇಂಗ್ಲಿಷ್‌ನಲ್ಲಿ ಪರೀಕ್ಷಿಸಿದಾಗ ಸರಿಯಾಗಿ ನಡೆದು, ಕನ್ನಡದಲ್ಲಿ ತುಂಬಿದಾಗ ಕೈಕೊಡಬಹುದು. ಪರೀಕ್ಷೆಯನ್ನು ಕನ್ನಡ ಪಠ್ಯದಿಂದಲೇ ಮಾಡಬೇಕು.

ಪಿಎಚ್‌ಪಿಯ ಸೀರಿಯಲೈಸ್ ವಿಧಾನ ಪ್ರತಿ ಸ್ಟ್ರಿಂಗಿನ ಮುಂದೆ ಅದರ ಉದ್ದವನ್ನು ಬೈಟ್‌ಗಳಲ್ಲಿ ಬರೆಯುತ್ತದೆ. ‘ಬೆಂಗಳೂರು’ ಪದದ ಮುಂದೆ 24 ಎಂದಿರುತ್ತದೆ. ಯಾರಾದರೂ ಡೇಟಾಬೇಸಿನಲ್ಲಿ ನೇರವಾಗಿ ಹುಡುಕಿ ಅದನ್ನು 18 ಬೈಟ್‌ನ ‘ಮೈಸೂರು’ ಎಂದು ಬದಲಿಸಿದರೆ ಸಂಖ್ಯೆಗೂ ಪಠ್ಯಕ್ಕೂ ತಾಳೆಯಾಗದೆ ಓದುವಿಕೆ ವಿಫಲವಾಗುತ್ತದೆ. ಟೇಬಲ್‌ನ ಅಕ್ಷರ ಸಂಕೇತನವನ್ನು ಪರಿವರ್ತಿಸಿದಾಗ ಆಗುವ ನಷ್ಟವೂ ಇದೇ ಬಗೆಯದು.

ಒಂದೇ ಸೆಷನ್, ಎರಡು ಟ್ಯಾಬ್

ಒಬ್ಬರೇ ಬಳಕೆದಾರರು ಎರಡು ಟ್ಯಾಬ್ ತೆರೆದರೆ, ಅಥವಾ ಒಂದೇ ಪುಟ ಹಿನ್ನೆಲೆಯಲ್ಲಿ ಹಲವು ಕೋರಿಕೆ ಕಳಿಸಿದರೆ, ಒಂದೇ ಸೆಷನ್‌ಗೆ ಎರಡು ಕೈಗಳು ಬೀಳುತ್ತವೆ. ಎರಡೂ ಕೋರಿಕೆಗಳು ಹಳೆಯ ಕಾರ್ಟನ್ನು ಓದಿ, ತಮ್ಮ ತಮ್ಮ ವಸ್ತು ಸೇರಿಸಿ, ಬರೆದರೆ ಕೊನೆಗೆ ಬರೆದದ್ದು ಉಳಿಯುತ್ತದೆ, ಮೊದಲಿನದು ಅಳಿಯುತ್ತದೆ. ಪಿಎಚ್‌ಪಿ ಸೆಷನ್ ಫೈಲಿಗೆ ಬೀಗ ಹಾಕಿ ಇದನ್ನು ತಪ್ಪಿಸುತ್ತದೆ: ಮೊದಲ ಸ್ಕ್ರಿಪ್ಟ್ ಮುಗಿಯುವವರೆಗೆ ಎರಡನೆಯದು ಕಾಯುತ್ತದೆ. ದೊಡ್ಡ ವರದಿಯೊಂದು ಸಿದ್ಧವಾಗುತ್ತಿರುವಾಗ ಅದೇ ಬಳಕೆದಾರರ ಬೇರೆ ಪುಟಗಳೆಲ್ಲ ಸ್ತಬ್ಧವಾಗುವುದು ಇದರ ಬೆಲೆ. ಬರೆಯುವುದು ಮುಗಿದ ಕೂಡಲೇ ಸೆಷನ್ ರೈಟ್ ಕ್ಲೋಸ್ ಕರೆದು ಬೀಗ ಬಿಡುವುದು ಒಳ್ಳೆಯ ಅಭ್ಯಾಸ. ಸೆಷನ್‌ಗಳನ್ನು ಪಿಎಚ್‌ಪಿರೆಡಿಸ್ ಎಕ್ಸ್‌ಟೆನ್ಶನ್ ಮೂಲಕ ರೆಡಿಸ್‌ಗೆ ಸಾಗಿಸಿದವರು ಗಮನಿಸಬೇಕಾದ್ದು, ಅಲ್ಲಿ ಬೀಗದ ಸೆಟ್ಟಿಂಗ್ ಮೊದಲಿಗೆ ಆಫ್ ಆಗಿರುತ್ತದೆ. ವೇಗ ಹೆಚ್ಚಿತೆಂಬ ಸಂತೋಷದ ಹಿಂದೆ ಕಾರ್ಟ್‌ನ ವಸ್ತುಗಳು ಕಾಣೆಯಾಗುತ್ತಿರಬಹುದು. ಜಾವಾದಲ್ಲಂತೂ ಎರಡು ಥ್ರೆಡ್‌ಗಳ ಕೈಗೆ ಒಂದೇ ಜೀವಂತ ಆಬ್ಜೆಕ್ಟ್ ಸಿಗುತ್ತದೆ; ಅದನ್ನು ಕಾಪಾಡುವ ಹೊಣೆ ಪ್ರೋಗ್ರಾಮರ್‌ನದೇ.

ಆಯುಷ್ಯದ ಬಗ್ಗೆ ಒಂದು ಮಾತು. ಪಿಎಚ್‌ಪಿ 1440 ಸೆಕೆಂಡ್, ಅಂದರೆ 24 ನಿಮಿಷ ಮುಟ್ಟದ ಸೆಷನ್‌ಗಳನ್ನು ಕಸವೆಂದು ಪರಿಗಣಿಸುತ್ತದೆ. ಎಎಸ್‌ಪಿ ಡಾಟ್‌ನೆಟ್‌ನಲ್ಲಿ 20 ನಿಮಿಷ, ಜಾವಾದ ಟಾಮ್‌ಕ್ಯಾಟ್ ಸರ್ವರ್‌ನಲ್ಲಿ 30 ನಿಮಿಷ, ಜಾಂಗೊದಲ್ಲಿ 2 ವಾರ. ಬಳಕೆದಾರರು ಗಂಟೆಗಟ್ಟಲೆ ತುಂಬುವ ಅರ್ಜಿಯನ್ನು ಸೆಷನ್‌ನಲ್ಲಿ ಮಾತ್ರ ಇಡುವುದು ಅವರಿಗೆ ಮಾಡುವ ಅನ್ಯಾಯ.

ಏನನ್ನು ಇಡಬೇಕು

ಅನುಭವಿಗಳ ಸಲಹೆ ಬಹಳ ವರ್ಷಗಳಿಂದ ಒಂದೇ: ಆಬ್ಜೆಕ್ಟನ್ನು ಇಡಬೇಡಿ, ಅದರ ಗುರುತಿನ ಸಂಖ್ಯೆಯನ್ನು ಇಡಿ. ಬಳಕೆದಾರರ ಆಬ್ಜೆಕ್ಟನ್ನು ಇಡೀ ಸೆಷನ್‌ಗೆ ಹಾಕಿದಾಗ ಅದು ಆ ಕ್ಷಣದ ಪ್ರತಿಯಾಗಿ ಉಳಿದುಬಿಡುತ್ತದೆ. ಸಿಬ್ಬಂದಿಯೊಬ್ಬರ ಅಧಿಕಾರವನ್ನು ಹಿಂತೆಗೆದುಕೊಂಡು ಡೇಟಾಬೇಸಿನಲ್ಲಿ ಬದಲಿಸಿದರೂ ಅವರ ಸೆಷನ್‌ನಲ್ಲಿರುವ ಪ್ರತಿ ಇನ್ನೂ ‘ಅಧಿಕಾರವಿದೆ’ ಎನ್ನುತ್ತಿರುತ್ತದೆ. ಬೆಲೆ ಬದಲಾದ ಮೇಲೂ ಹಳೆಯ ಬೆಲೆಗೇ ಮಾರಾಟವಾಗುವುದು ಇದೇ ದೋಷದ ಇನ್ನೊಂದು ಮುಖ. ಸಂಖ್ಯೆಯನ್ನಷ್ಟೇ ಇಟ್ಟು ಪ್ರತಿ ಕೋರಿಕೆಯಲ್ಲೂ ಡೇಟಾಬೇಸಿನಿಂದ ಓದಿಕೊಂಡರೆ ಒಂದು ಹೆಚ್ಚುವರಿ ಕ್ವೆರಿಯಾಗುತ್ತದೆ; ಸೂಚಿಯಿರುವ ಟೇಬಲ್‌ನಲ್ಲಿ ಅದು ದೊಡ್ಡ ಖರ್ಚಲ್ಲ.

ಬಸ್ ಟಿಕೆಟ್ ಕಾದಿರಿಸುವ ತಾಣವನ್ನು ನೆನೆಯಿರಿ. ಸೆಷನ್‌ನಲ್ಲಿ ಟ್ರಿಪ್‌ನ ಸಂಖ್ಯೆ, ಆರಿಸಿದ ಸೀಟುಗಳ ಸಂಖ್ಯೆ ಇಷ್ಟಿದ್ದರೆ ಸಾಕು. ಸೀಟು ಹಿಡಿದಿಟ್ಟ ವಿಷಯ, ಅದರ ಅವಧಿ ಡೇಟಾಬೇಸಿನಲ್ಲಿರಬೇಕು, ಏಕೆಂದರೆ ಅದು ಉಳಿದ ಪ್ರಯಾಣಿಕರಿಗೂ ಸಂಬಂಧಿಸಿದ್ದು. ಇನ್ನೂ ಡೇಟಾಬೇಸಿಗೆ ಸೇರದ, ಈ ಬಳಕೆದಾರರಿಗೆ ಮಾತ್ರ ಸೇರಿದ, ಚಿಕ್ಕದಾದ ಮಾಹಿತಿ ಇದ್ದರೆ ಆಬ್ಜೆಕ್ಟನ್ನು ಇಡುವುದರಲ್ಲಿ ತಪ್ಪಿಲ್ಲ. ಆಗಲೂ ಅದು ಸ್ಟ್ರಿಂಗ್, ಸಂಖ್ಯೆಗಳಿಂದಾದ ಸರಳ ಆಬ್ಜೆಕ್ಟ್ ಆಗಿರಲಿ, ಒಳಗೆ ಸಂಪರ್ಕಗಳು, ಲಾಗರ್‌ಗಳು ಸೇರಿಕೊಳ್ಳದಿರಲಿ.

ಭದ್ರತೆ

ಸೆಷನ್ ಗುರುತನ್ನು ಕದ್ದವರು ಬಳಕೆದಾರರಾಗಿಬಿಡುತ್ತಾರೆ ಎಂಬುದು ಎಲ್ಲರೂ ಬಲ್ಲ ಅಪಾಯ. 2010ರ ಅಕ್ಟೋಬರ್‌ನಲ್ಲಿ ಎರಿಕ್ ಬಟ್ಲರ್ ಬಿಡುಗಡೆ ಮಾಡಿದ ಫೈರ್‌ಶೀಪ್ ಎಂಬ ಫೈರ್‌ಫಾಕ್ಸ್ ಎಕ್ಸ್‌ಟೆನ್ಶನ್, ಬೀಗವಿಲ್ಲದ ವೈಫೈನಲ್ಲಿ ಇದು ಎಷ್ಟು ಸುಲಭವೆಂದು ತೋರಿಸಿತು. ಎಚ್‌ಟಿಟಿಪಿಎಸ್, ಲಾಗಿನ್ ಆದ ಕೂಡಲೇ ಗುರುತನ್ನು ಬದಲಿಸುವುದು, ಸ್ಕ್ರಿಪ್ಟ್‌ಗಳಿಗೆ ಕಾಣದಂತೆ ಕುಕಿಗೆ ಎಚ್‌ಟಿಟಿಪಿಓನ್ಲಿ ಗುರುತು ಹಾಕುವುದು ಇವು ಇದರ ಮದ್ದು. ಆದರೆ ಆಬ್ಜೆಕ್ಟ್‌ಗಳನ್ನು ಇಡುವುದರಿಂದಲೇ ಬರುವ ಅಪಾಯ ಬೇರೆಯದು, ಇದಕ್ಕಿಂತ ಘೋರವಾದದ್ದು. ಮರುಕಟ್ಟುವಾಗ ಕ್ಲಾಸಿನ ಕೆಲವು ಮೆಥಡ್‌ಗಳು ತಾವಾಗಿ ಓಡುತ್ತವೆ: ಪಿಎಚ್‌ಪಿಯಲ್ಲಿ ವೇಕಪ್, ಆಬ್ಜೆಕ್ಟ್ ಅಳಿಯುವಾಗ ಡಿಸ್ಟ್ರಕ್ಟ್, ಜಾವಾದಲ್ಲಿ ರೀಡ್‌ಆಬ್ಜೆಕ್ಟ್. ಪೈಥಾನ್‌ನ ಪಿಕಲ್ ಅಂತೂ ಓದುವಾಗ ಯಾವ ಫಂಕ್ಷನ್ ಬೇಕಾದರೂ ಕರೆಯುವಂತೆ ಮಾಡಬಹುದು. ಬೈಟ್‌ಗಳ ಸಾಲು ದಾಳಿಕೋರನ ಕೈಯಿಂದ ಬಂದದ್ದಾದರೆ ಸರ್ವರ್ ಅವನದಾಯಿತು. ಸಹಿ ಹಾಕಿದ ಕುಕಿಯಲ್ಲಿ ಪಿಕಲ್ ಬಳಸುತ್ತಿದ್ದ ತಾಣದ ಗುಪ್ತ ಕೀಲಿ ಸೋರಿದರೂ ಫಲ ಇದೇ.

2015ರ ಡಿಸೆಂಬರ್‌ನಲ್ಲಿ ಜೂಮ್ಲಾ ಎಂಬ ತಾಣ ನಿರ್ವಹಣಾ ತಂತ್ರಾಂಶದಲ್ಲಿ ನಡೆದದ್ದು ಇದರ ಪಾಠದಂಥ ನಿದರ್ಶನ. ಜೂಮ್ಲಾ ಬ್ರೌಸರ್ ಕಳಿಸುವ ಯೂಸರ್ ಏಜೆಂಟ್ ಪಠ್ಯವನ್ನು ಸೆಷನ್‌ನಲ್ಲಿ ಇಟ್ಟು ಮೈಎಸ್‌ಕ್ಯುಎಲ್‌ಗೆ ಬರೆಯುತ್ತಿತ್ತು. ದಾಳಿಕೋರರು ಆ ಪಠ್ಯದೊಳಗೆ ಸೀರಿಯಲೈಸ್ ಮಾಡಿದ ಆಬ್ಜೆಕ್ಟೊಂದನ್ನು ಹುದುಗಿಸಿ, ಕೊನೆಗೆ 4 ಬೈಟ್‌ನ ಒಂದು ಯೂನಿಕೋಡ್ ಅಕ್ಷರ ಸೇರಿಸಿದರು. ಮೈಎಸ್‌ಕ್ಯುಎಲ್‌ನ ಹಳೆಯ ಯುಟಿಎಫ್8 ಸಂಕೇತನ ಕನ್ನಡದಂಥ 3 ಬೈಟ್‌ನ ಅಕ್ಷರಗಳವರೆಗೆ ಮಾತ್ರ ಬಲ್ಲದು. ಅದು ಆ ಅಕ್ಷರ ಬಂದಲ್ಲಿಗೆ ಪಠ್ಯವನ್ನು ಕತ್ತರಿಸಿತು. ಮುಂದಿನ ಕೋರಿಕೆಯಲ್ಲಿ ಆ ಮುರುಕು ಸಾಲನ್ನು ಓದಿದ ಹಳೆಯ ಪಿಎಚ್‌ಪಿ, ವಿಫಲವಾದಾಗ ನಿಲ್ಲುವ ಬದಲು ಮುಂದೆ ಸಿಕ್ಕ ಆಬ್ಜೆಕ್ಟನ್ನು ಮರುಕಟ್ಟಿತು. ಹೀಗೆ ಮೂರು ಬೇರೆ ಬೇರೆ ತಂತ್ರಾಂಶಗಳ ಸಣ್ಣ ದೌರ್ಬಲ್ಯಗಳು ಸೇರಿ ಸರ್ವರ್‌ನ ಬಾಗಿಲು ತೆರೆದವು. ಜೂಮ್ಲಾ 1.5ರಿಂದ 3.4.5ರವರೆಗಿನ ಎಲ್ಲ ಆವೃತ್ತಿಗಳೂ ಇದಕ್ಕೆ ಗುರಿಯಾಗಿದ್ದವು. ಡಿಸೆಂಬರ್ 14ರಂದು 3.4.6 ಬಿಡುಗಡೆಯಾಗುವ ಮೊದಲೇ ದಾಳಿಗಳು ಶುರುವಾಗಿದ್ದವು.

ಅದೇ ವರ್ಷ ಜನವರಿಯಲ್ಲಿ ಕ್ರಿಸ್ ಫ್ರೋಹಾಫ್ ಮತ್ತು ಗೇಬ್ರಿಯಲ್ ಲಾರೆನ್ಸ್ ಜಾವಾದ ಕಾಮನ್ಸ್ ಕಲೆಕ್ಷನ್ಸ್ ಲೈಬ್ರರಿಯ ಸಾಮಾನ್ಯ ಕ್ಲಾಸ್‌ಗಳನ್ನೇ ಸರಪಳಿಯಾಗಿ ಜೋಡಿಸಿ, ಮರುಕಟ್ಟುವಾಗ ಬೇಕಾದ ಆಜ್ಞೆ ಓಡಿಸುವ ವಿಧಾನವನ್ನು ತೋರಿಸಿದ್ದರು. ವರ್ಷದ ಕೊನೆಗೆ ವೆಬ್‌ಲಾಜಿಕ್, ವೆಬ್‌ಸ್ಫಿಯರ್, ಜೆಬಾಸ್, ಜೆಂಕಿನ್ಸ್‌ಗಳ ಮೇಲೆ ಅದನ್ನು ಪ್ರಯೋಗಿಸಿ ತೋರಿಸಲಾಯಿತು. 2020ರಲ್ಲಿ ಟಾಮ್‌ಕ್ಯಾಟ್‌ನಲ್ಲೂ, ಸೆಷನ್‌ಗಳನ್ನು ಫೈಲಿನಲ್ಲಿ ಉಳಿಸುವ ಸೌಲಭ್ಯದ ಮೂಲಕ, ಇದೇ ಬಗೆಯ ದೋಷ ಬೆಳಕಿಗೆ ಬಂತು. ವೆಬ್ ಭದ್ರತೆಯ ಸಂಸ್ಥೆಯಾದ ಓವಾಸ್ಪ್ 2017ರಲ್ಲಿ ಪ್ರಕಟಿಸಿದ ಟಾಪ್ 10 ಅಪಾಯಗಳ ಪಟ್ಟಿಯಲ್ಲಿ ಅಸುರಕ್ಷಿತ ಡಿಸೀರಿಯಲೈಸೇಶನ್‌ಗೆ ಪ್ರತ್ಯೇಕ ಸ್ಥಾನ ಸಿಕ್ಕಿತ್ತು.

ಭಾಷೆ ಮತ್ತು ಫ್ರೇಮ್‌ವರ್ಕ್‌ಗಳು ಈಗ ಹಳೆಯ ಅನುಕೂಲವನ್ನು ಹಿಂತೆಗೆದುಕೊಳ್ಳುತ್ತಿವೆ. 2023ರ ಡಿಸೆಂಬರ್‌ನಲ್ಲಿ ಬಂದ ಜಾಂಗೊ 5.0 ಸೆಷನ್‌ಗಳಿಗಾಗಿ ಇದ್ದ ಪಿಕಲ್ ಸೀರಿಯಲೈಸರ್ ಅನ್ನು ತೆಗೆದುಹಾಕಿತು. ಒಂದು ಕಾಲಕ್ಕೆ ಡಾಟ್‌ನೆಟ್ ಸೆಷನ್‌ಗಳ ಆಬ್ಜೆಕ್ಟ್‌ಗಳನ್ನು ಬರೆಯುತ್ತಿದ್ದ ಬೈನರಿ ಫಾರ್ಮ್ಯಾಟರ್, 2024ರ ನವೆಂಬರ್‌ನಲ್ಲಿ ಬಂದ ಡಾಟ್‌ನೆಟ್ 9ರಲ್ಲಿ ಹೆಸರಿಗಷ್ಟೇ ಉಳಿದಿದೆ. ಕರೆದರೆ ಅದು ದೋಷವನ್ನು ಮಾತ್ರ ಕೊಡುತ್ತದೆ.